ಸುನಂದಾ ಬೈಸಿಕೊಂಡ ದಿನ

ಸಗಣಿ ಕುಳ್ಳಿನ ಬೆಂಕಿಯಲ್ಲಿ ಕಾದ ಎಮ್ಮೆಯ ಹಾಲಿಗೆ ಒಂದು ಹೊಗೆಯ ವಾಸನೆ ಇರುತ್ತದೆ. ಎಲ್ಲಿಯಾದರೂ ಅದು ಮೂಗಿಗೆ ಬಡಿದರೆ ಸದಲಗಾದ ನಮ್ಮ ಹಳೆಯ ಅಡುಗೆಮನೆ ನೆನಪಾಗುತ್ತದೆ. ಒಲೆಯ ಮುಂದೆ ಆಯಿ, ನನ್ನ ತಂದೆಯ ತಾಯಿ. ಅವಳ ಎರಡೂ ಬದಿಗೆ ಮುಖ ತಿರುವಿಕೊಂಡು ಕೂತ ನಾನು ಮತ್ತು ಸುನಂದಾ. ಸುನಂದಾ ನನ್ನ ಸೋದರತ್ತೆಯ ಮಗಳು. ತಾಯಿ ತೀರಿಕೊಂಡ ಮೇಲೆ ಕೊಲ್ಲಾಪುರದ ಕಡೆಯ ಮರಾಠಿ ಶಾಲೆ ಬಿಟ್ಟು ನಮ್ಮ ಮನೆಗೆ ಬಂದು, ನನ್ನ ಜೊತೆ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಗೆ ಸೇರಿದ್ದಳು. ಬಂದ ಹೊಸದರಲ್ಲಿ ಇಬ್ಬರೂ ಒಂದೇ ಕೌದಿಯೊಳಗೆ ಮಲಗುತ್ತಿದ್ದೆವು.

ನಮ್ಮನ್ನು ಅಗಲಿಸಿದ್ದು ಬಾಯಾರು ಎಂದೇ ನಾನು ತಿಳಿದಿದ್ದೆ. ಶಾಲೆಯ ಟೀಚರನ್ನು ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ಅವರು ಸುನಂದಾಳನ್ನು ಖುರ್ಚಿಯ ಪಕ್ಕದಲ್ಲೇ ಕೂರಿಸಿಕೊಂಡು, ಹೆದರಬೇಡ ಮಗೂ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿ ತಲೆ ಸವರುತ್ತಿದ್ದರು. ನನ್ನದು ಒಂದು ಒತ್ತಕ್ಷರ ತಪ್ಪಿದರೂ ಬೈದು, ಪಾಟಿ ಒರೆಸಿ ಮತ್ತೆ ಬರೆಸುತ್ತಿದ್ದರು. ಅವರಿಗೆ ಅವಳು ಬೇಕು, ನಾನು ಬೇಡ ಎಂದುಕೊಂಡು ಸುನಂದಾಳ ಜೊತೆ ಮಾತು ಬಿಟ್ಟೆ.

ಒಂದು ಸಂಜೆ ಆಯಿ ಹಾಲಿನ ಪಾತ್ರೆ ಕೆಳಗಿಟ್ಟು, "ಏನಾಗೇತಿ ನಿಮಗ? ಹೇಳೂತನಕ ಹಾಲು ಕೊಡಂಗಿಲ್ಲ," ಎಂದಳು.

"ಬಾಯಾರಿಗೆ ಇಕಿ ಒಬ್ಬಾಕಿನ ಬೇಕು," ಎಂದೆ.

ಸುನಂದಾ ಬಿಕ್ಕತೊಡಗಿದಳು. "ನಿನಗ ಬರತೈತಿ ಅಂತ ಗೊತ್ತೈತಿ, ಅದಕ್ಕ ನಿನ್ನ ಬೈತಾರ. ನನಗ ಬೈಯೂದ ಇಲ್ಲ. ಇಕಿಗೆ ಏನೂ ಬರಂಗಿಲ್ಲ ಅಂತ ಬಿಟ್ಟಬಿಟ್ಟಾರ."

ನಾನು ಹೊಟ್ಟೆಕಿಚ್ಚು ಪಟ್ಟಿದ್ದ ಆ ಪ್ರೀತಿಯೇ ಅವಳನ್ನು ಒಳಗೊಳಗೆ ಸುಡುತ್ತಿತ್ತು. ನನ್ನ ಎದೆ ಒಮ್ಮೆಲೇ ಹಗುರಾಯಿತು. ಆಯಿ ಇಬ್ಬರ ಲೋಟಕ್ಕೂ ಹಾಲು ಸುರಿದಳು.

ಮರುದಿನ ಆಯಿ ತಲೆಯ ಮೇಲೆ ಸೆರಗು ಹೊದ್ದು ಶಾಲೆಗೆ ಬಂದಳು. "ಬಾಯಾರ, ನಮ್ಮ ಸುನಂದಾಗೂ ಒಂದೀಟು ಬೈರಿ," ಎಂದಳು.

ಬಾಯಾರು ಬೆರಗಾಗಿ ನೋಡಿದರು. "ತಾಯಿ ಇಲ್ಲದ ಕೂಸು, ಹೆಂಗ ಬೈಲಿರಿ ಅಂತ ಸುಮ್ಮನಿದ್ದೆ," ಎಂದರು.

ಅಂದು ಮಧ್ಯಾಹ್ನವೇ ಅವರು ಸುನಂದಾಳ ಪಾಟಿ ಒರೆಸಿ, "ಒತ್ತಕ್ಷರ ಎಲ್ಲಿ ಹೋತು? ಮತ್ತ ಬರಿ!" ಎಂದು ಕನ್ನಡದಲ್ಲೇ ಗದರಿದರು. ಸುನಂದಾ ನನ್ನ ಕಡೆ ತಿರುಗಿ ಹಲ್ಲು ಕಿರಿದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಕೈ ಹಿಡಿದು, ಎದುರಾದವರಿಗೆಲ್ಲ "ನನಗ ಬೈದ್ರು!" ಎಂದು ಸಾರಿದಳು.

ಸದಲಗಾದ ಆ ಮನೆಯನ್ನು ಕೆಡವಿದ್ದಾರೆ. ಆಯಿಯೂ ಇಲ್ಲ, ಬಾಯಾರೂ ಇಲ್ಲ. ಸುನಂದಾ ಈಗ ಉಗಾರ ಬುದ್ರುಕದಲ್ಲಿದ್ದಾಳೆ. ನಾನು ನಾಲ್ಕು ದಿನ ಫೋನು ಮಾಡದಿದ್ದರೆ ಬಾಯಿಗೆ ಬಂದಂತೆ ಬೈಯುತ್ತಾಳೆ. ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಹಾಗೆ ಬೈಯುವಷ್ಟು ನನ್ನನ್ನು ಬಲ್ಲವರು ಇನ್ನು ಅವಳೊಬ್ಬಳೇ.