ಮಂಡಕ್ಕಿಯ ಬೆಟ್ಟ

ಆಗ ನನಗೆ ಅರವತ್ತೆಂಟು. ಈಗ್ಗೆ ಎರಡು ವರ್ಷದ ಹಿಂದಿನ ಮಾತು. ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತವರು ಗಂಡಸೋ ಹೆಂಗಸೋ ತಿಳಿಯುತ್ತಿರಲಿಲ್ಲ. ಆಪರೇಷನ್ನಿಗೆಂದು ಹೊಳಲ್ಕೆರೆಯಿಂದ ದುರ್ಗದ ಆಸ್ಪತ್ರೆಗೆ ಎರಡು ಸಲ ಹೋದೆ. ಎರಡು ಸಲವೂ ಸಕ್ಕರೆ ಹೆಚ್ಚಿದೆ ಎಂದು ವಾಪಸು ಕಳಿಸಿದರು. ಮಾತ್ರೆ ತಪ್ಪಿಸಿರಲಿಲ್ಲ. ಮುದ್ದೆ ಅರ್ಧ ಮಾಡಿದ್ದೆ, ಅನ್ನ ಪೂರ್ತಿ ಬಿಟ್ಟಿದ್ದೆ.

ಸೊಸೆಗೆ ನನ್ನ ಮೇಲೇ ಗುಮಾನಿ.

“ಅತ್ತೆ, ಕದ್ದು ಬೆಲ್ಲ ತಿಂತೀರೇನು?”

“ಕಣ್ಣು ಕಾಣ್ದೋಳಿಗೆ ನಿನ್ನ ಬೆಲ್ಲದ ಡಬ್ಬಿ ಎಲ್ಲಿ ಕಾಣ್ತೈತೆ? ಬಾಯಿ ಮುಚ್ಕಂಡು ಸಾರು ಮಾಡು.”

ಎರಡನೇ ಸಲ ಹೋದಾಗ ಡಾಕ್ಟರಮ್ಮ ನನ್ನ ತೋಳಿಗೆ ಒಂದು ಬಿಲ್ಲೆ ಅಂಟಿಸಿದರು. ಕೋಟಿನ ಗುಂಡಿಯಷ್ಟು ಅಗಲ. ಮೈಯೊಳಗಿನ ಸಕ್ಕರೆ ಏರಿದ್ದು ಇಳಿದದ್ದು ಸೊಸೆಯ ಫೋನಿನಲ್ಲಿ ಗೆರೆಯಾಗಿ ಬೀಳುತ್ತದಂತೆ. ದುರ್ಗದಲ್ಲಿ ಕೂತ ಅವರಿಗೂ ಕಾಣುತ್ತದಂತೆ.

“ಕುರಿ ಕಿವಿಗೆ ಬಿಲ್ಲೆ ಹೊಡ್ದಂಗೆ ನಂಗೂ ಹೊಡುದ್ರಿ ಬಿಡ್ರಿ” ಎಂದೆ. ಡಾಕ್ಟರಮ್ಮ ನಕ್ಕರು.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ಆಟ. ಸೊಪ್ಪಿನ ಸಾರಿನಲ್ಲಿ ಮುದ್ದೆ ಉಂಡೆ. ಸೊಸೆ ಫೋನು ನೋಡಿ, “ಒಂಚೂರು ಏರೈತೆ” ಎಂದಳು. ಹಿತ್ತಲಲ್ಲಿ ಗೋಡೆ ಹಿಡಿದು ಓಡಾಡಿದೆ. “ಇಳೀತೈತೆ ಅತ್ತೆ, ಇಳೀತೈತೆ!” ನನಗೆ ಟಗರಿನ ಕಾಳಗ ನೋಡಿದಷ್ಟು ಹುರುಪು. ಇನ್ನೂ ಒಂದು ಸುತ್ತು ಹೊಡೆದೆ.

ಸಂಜೆ ಜಗಲಿಯ ಮೇಲೆ ಕೂತಿದ್ದೆ. ಒಳಗೆ ಫೋನು ಕಿರುಚಿಕೊಂಡಿತು. ಸೊಸೆ ಓಡಿ ಬಂದಳು.

“ಸಕ್ಕರೆ ಒಂದೇ ಸಮ ಏರೈತೆ! ಏನು ತಿಂದ್ರಿ? ಮೊದ್ಲು ಹೇಳ್ರಿ!”

“ಏನೂ ತಿಂದಿಲ್ಲ ಕಣೇ, ದೇವರಾಣೆ.”

“ಮಡ್ಲಾಗೇನೈತೆ?”

“ಮಂಡಕ್ಕಿ.”

“ಅದನ್ನ ತಿಂದಿಲ್ವಾ?”

“ಅದೂ ಒಂದು ತಿನ್ನೋದೇನೇ?”

ನಮ್ಮ ಕಡೆ ಮಂಡಕ್ಕಿಯನ್ನು ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರೀ ಗಾಳಿ ಅದು. ಅನ್ನ ಬಿಟ್ಟ ಮೇಲೆ ಹಸಿವಾದಾಗಲೆಲ್ಲ ಅದನ್ನೇ ಮುಕ್ಕುತ್ತಿದ್ದೆ. ಅಷ್ಟರಲ್ಲಿ ಡಾಕ್ಟರಮ್ಮನೇ ಫೋನು ಮಾಡಿದರು. ಸೊಸೆ ಎಲ್ಲ ಒದರಿದಳು. ಅವರು ನನ್ನನ್ನು ಕೇಳಿದರು:

“ಅಜ್ಜಿ, ಮಂಡಕ್ಕಿ ಯಾವುದ್ರಿಂದ ಮಾಡ್ತಾರೆ?”

ಮಂಡಕ್ಕಿ ಭಟ್ಟಿಯಲ್ಲಿ ಹುರಿದು ಹುರಿದು ಮುದುಕಿಯಾದವಳನ್ನು ಕೇಳುವ ಮಾತೇ ಇದು? “ಅಕ್ಕೀಲಿ” ಎಂದೆ. ಎಂದ ಮೇಲೆ ತಲೆಗೆ ಹೊಳೆಯಿತು. ಅನ್ನ ಬಿಟ್ಟೆ ಬಿಟ್ಟೆ ಎಂದುಕೊಂಡು ದಿನವಿಡೀ ಅಕ್ಕಿಯನ್ನೇ ತಿಂದಿದ್ದೆ!

ಬೇಜಾರೇನೂ ಆಗಲಿಲ್ಲ. ಕಳ್ಳ ಸಿಕ್ಕನಲ್ಲ ಎಂದು ಕುಣಿಯುವಂತಾಯಿತು. ಮಡಿಲಲ್ಲಿದ್ದದ್ದನ್ನು ಕೋಳಿಗೆ ಚೆಲ್ಲಿದೆ. ಗೆರೆ ನೋಡಿ ಡಾಕ್ಟರಮ್ಮ ಮಾತ್ರೆಯನ್ನೂ ಫೋನಿನಲ್ಲೇ ಬದಲಾಯಿಸಿದರು. ಸಕ್ಕರೆ ತಗ್ಗುತ್ತಾ ಬಂತು. ಮೂರನೇ ಸಲ ದುರ್ಗಕ್ಕೆ ಹೋದಾಗ ವಾಪಸು ಕಳಿಸಲಿಲ್ಲ. ಆಪರೇಷನ್ ಮಾಡಿಯೇ ಬಿಟ್ಟರು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಸೊಸೆ ಎದುರಿಗೆ ಬಂದು, “ಅತ್ತೆ, ನಾನು ಕಾಣ್ತೀನಾ?” ಎಂದಳು.

“ನಿನ್ನ ಮುಖ ಎಲ್ಲಿಗೂ ಹೋಗಲ್ಲ. ಫೋನು ಕೊಡು, ಆ ಮಂಡಕ್ಕಿ ದಿನದ ಗೆರೆ ತೋರ್ಸು.”

ತೋರಿಸಿದಳು. ದುರ್ಗದ ಕೋಟೆ ಬೆಟ್ಟದ ಹಾಗೆ ನಿಂತಿತ್ತು. ನೆತ್ತಿಯ ಮೇಲೆ ಬೆರಳಿಟ್ಟು ಬುಡದವರೆಗೂ ಇಳಿಸಿಕೊಂಡು ಬಂದೆ.