‘ಅನುಭವ: ಇಲ್ಲ’ ಎಂದು ಬರೆದವಳಿಗೆ ತಾಯಿ ಕೊಟ್ಟ ಉತ್ತರ

ಬನಶಂಕರಿ ತಾಯಿಯನ್ನು ನಂಬಿದ ಎಲ್ಲರಿಗೂ ರಬಕವಿಯ ಮಹಾದೇವಿ ಮಾಡುವ ನಮಸ್ಕಾರ. ಈ ಪತ್ರವನ್ನು ನಾನು ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ಪತ್ರಿಕೆಯವರು ಇದನ್ನು ತಿದ್ದಿ ಮೆತ್ತಗೆ ಮಾಡಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಇಲ್ಲಿ ಬರುವ ಪತ್ರಗಳನ್ನು ನಾನೂ ಓದುತ್ತೇನೆ. ಕಣ್ಣೀರು ಹಾಕಿ ಬೇಡಿಕೊಂಡೆವು, ತಾಯಿ ಕೊಟ್ಟಳು ಎಂದು ಎಲ್ಲರೂ ಬರೆದಿರುತ್ತಾರೆ. ನಾನು ಕಣ್ಣೀರು ಹಾಕಲಿಲ್ಲ, ಜಗಳ ತೆಗೆದೆ.

ಜಮಖಂಡಿಯಲ್ಲಿ ಬಿ.ಕಾಂ. ಓದಿದವಳು ನಾನು. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ತೂಕದ ಆಫೀಸಿನಲ್ಲಿ ನಾಲ್ಕು ಹಂಗಾಮು ಕಂಪ್ಯೂಟರಿನ ಮುಂದೆ ಕೂತೆ. ಕಬ್ಬಿನ ಟ್ರ್ಯಾಕ್ಟರುಗಳ ಚೀಟಿ ಮಾಡುವ ಕೆಲಸ. ಕಬ್ಬು ಮುಗಿದ ಕೂಡಲೇ ನಮ್ಮನ್ನು ಮನೆಗೆ ಕಳಿಸುತ್ತಿದ್ದರು. ಪ್ರತಿ ವರ್ಷವೂ ಅದೇ ಮಾತು: ಬರುವ ಹಂಗಾಮಿಗೆ ಪರ್ಮನೆಂಟ್. ನಾಲ್ಕನೆಯ ವರ್ಷ ಸಾಹೇಬರು ತಮ್ಮ ಹೆಂಡತಿಯ ತಮ್ಮನನ್ನು ಕರೆತಂದು ನನ್ನ ಪಕ್ಕ ಕೂರಿಸಿದರು. ಅವನಿಗೆ ಮೌಸ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದು ನಾನು. ಹಂಗಾಮು ಮುಗಿದಾಗ ಅವನಿಗೆ ಪರ್ಮನೆಂಟ್ ಆಯಿತು, ನನಗೆ ಮನೆಯ ದಾರಿ.

ಸುಮ್ಮನೆ ಬರಲಿಲ್ಲ, ಒಳಗೆ ಹೋಗಿ ಕೇಳಿದೆ. ಸಾಹೇಬರು ತಲೆ ಎತ್ತಲಿಲ್ಲ.

"ನಿಮಗ ಯಾಕ್ರಿ ಪರ್ಮನೆಂಟು? ನಾಳೆ ಲಗ್ನ ಆಗಿ ಹೋಗಾವ್ರು."

"ನಾಲ್ಕು ವರ್ಷದಿಂದ ಇದ ನಾಳೆ ನಡದೈತಲ್ರಿ ಸರ," ಎಂದೆ. "ಹೋಗ್ಲಿ, ಇಲ್ಲಿ ಕೆಲಸ ಮಾಡೇನಿ ಅಂತ ಒಂದ ಪತ್ರನಾದ್ರೂ ಬರದ ಕೊಡ್ರಿ."

"ಸೀಜನ್ ಮಂದಿಗೆ ಪತ್ರ ಕೊಡೂ ಪದ್ಧತಿ ಇಲ್ಲ."

ಅಷ್ಟೇ. ನಾಲ್ಕು ವರ್ಷದ ದುಡಿತ ಕಾಗದದ ಮೇಲೆ ಇಲ್ಲವೇ ಇಲ್ಲ. ಆಗ ನನಗೆ ಮೂವತ್ನಾಲ್ಕು ನಡೆದಿತ್ತು. ಮೂವತ್ತೈದು ದಾಟಿದರೆ ಬಹಳ ಕಡೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಅಪ್ಪ ತೀರಿಹೋಗಿದ್ದಾರೆ, ಮಗ್ಗ ಮಾರಿಯಾಗಿದೆ, ಮನೆಯಲ್ಲಿ ನಾನು ಮತ್ತು ಅವ್ವ. ಆ ಒಂದು ವರ್ಷದಲ್ಲಿ ನೌಕರಿ ಸಿಗದಿದ್ದರೆ ಮುಂದೆ ಯಾರದೋ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮಡಚಿಡುವುದೇ ಗತಿ ಎಂದು ನನಗೆ ಗೊತ್ತಿತ್ತು.

ಬೀಳಗಿಯಿಂದ ಒಂದು ಸಂದರ್ಶನಕ್ಕೆ ಕರೆ ಬಂತು. ಎರಡು ಬಸ್ಸು ಬದಲಿಸಿ ಹೋದೆ, ಮಧ್ಯಾಹ್ನದವರೆಗೆ ಕಾಯಿಸಿದರು. ಆಮೇಲೆ ಜವಾನ ಬಂದು, "ಆ ಜಾಗಾ ನಿನ್ನೇನ ತುಂಬೇತ್ರಿ" ಎಂದ. ಹಾಗಾದರೆ ನಮ್ಮನ್ನು ಕರೆದದ್ದೇಕೆ ಎಂದರೆ, ಕರೆಯಬೇಕೆಂಬ ನಿಯಮವಿದೆಯಂತೆ. ಜಮಖಂಡಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಕಿಟಕಿಯ ಸರಳನ್ನು ಮುರಿಯುವ ಹಾಗೆ ಹಿಡಿದಿದ್ದೆ. ಪಕ್ಕದ ಅಜ್ಜಿಯೊಬ್ಬಳು "ಯಾರ ತೀರಿಕೊಂಡಾರ ಬೇ?" ಎಂದು ಕೇಳಿದಳು. ಮುಖ ಹಾಗಿತ್ತೆಂದು ಕಾಣುತ್ತದೆ.

ಮನೆಗೆ ಬಂದವಳೇ ಕೈಕಾಲು ತೊಳೆದು ಸೀದಾ ದೇವರ ಜಗಲಿಗೆ ಹೋದೆ. ನಮ್ಮ ಕಡೆ ದೊಡ್ಡ ಸಂಕಟ ಬಂದಾಗ ದೇವರನ್ನು ನೀರಿನಲ್ಲಿಟ್ಟು ಬೇಡಿಕೊಳ್ಳುವುದುಂಟು. ಕೆಲಸ ಕೈಗೂಡಿದ ಮೇಲೆ ಹೊರಗೆ ತೆಗೆದು ಪೂಜೆ ಮಾಡುತ್ತಾರೆ. ನಾನು ತಾಯಿಯ ಹಿತ್ತಾಳೆಯ ಮೂರ್ತಿಯನ್ನು ಎತ್ತಿ ತಾಮ್ರದ ತಂಬಿಗೆಯೊಳಗೆ ಇಳಿಸಿದೆ. "ನಾ ಮುಳಗೇನಿ, ನೀನೂ ಮುಳಗು," ಎಂದೆ. "ನನಗ ನೌಕರಿ ಆಗೂತನಾ ಹೊರಗ ತಗ್ಯಾಂಗಿಲ್ಲ."

ಅವ್ವ ಓಡಿ ಬಂದಳು. "ಏ ಹುಚ್ಚಿ, ಭಕ್ತಿಲೆ ಇಡಬೇಕು, ಹಗಿ ಸಾಧಿಸಾಕ ಇಡೂದಲ್ಲ!"

"ಭಕ್ತಿಲೆ ದೀಪ ಹಚ್ಚಿ ಹಚ್ಚಿ ಸಾಕಾಗೇತಿ ಬೇ. ಏನ ಕೊಟ್ಟಾಳ?"

ಅವ್ವ ಎರಡೂ ಗಲ್ಲ ಬಡಿದುಕೊಂಡು ತಪ್ಪಾಯಿತು ತಾಯಿ ಎಂದಳು. ನಾನು ಅನ್ನಲಿಲ್ಲ. ದಿನವೂ ನೀರು ಬದಲಿಸುತ್ತಿದ್ದೆ, ದಿನವೂ ಬೈಯುತ್ತಿದ್ದೆ. ಹೀಗೆ ತಿಂಗಳುಗಳು ಹೋದವು. ನಾನು ಮನೆಯಲ್ಲಿ ಖಾಲಿಯಾಗಿಯೇ ಇದ್ದೆ. ಅವ್ವನ ಜೊತೆ ಓಣಿಯ ಮಗ್ಗಗಳಿಗೆ ಕೆಚ್ಚಲು ಹೋಗುತ್ತಿದ್ದೆ, ಅಷ್ಟೇ. ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು, ಅಂದರೆ ಹಾಸು, ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತೇವೆ. ನೇಯುವವರ ಮನೆಗಳಲ್ಲಿ ಅದು ಹೆಂಗಸರ ಪಾಲಿಗೆ ಬಂದದ್ದು. ಅದನ್ನು ಕೆಲಸ ಎಂದು ಯಾರೂ ಹೇಳುವುದಿಲ್ಲ.

ಆಗ ಜಮಖಂಡಿಯ ನೇಕಾರ ಮಹಿಳೆಯರ ಒಂದು ಸಂಘದಲ್ಲಿ ಮೇಲ್ವಿಚಾರಕಿ ಬೇಕೆಂದು ತಿಳಿಯಿತು. ಅರ್ಜಿ ತುಂಬುತ್ತ ‘ಕೆಲಸದ ಅನುಭವ’ ಎಂಬಲ್ಲಿಗೆ ಬಂದಾಗ ಕಾರ್ಖಾನೆಯ ಸಾಹೇಬರ ಮುಖ ನೆನಪಾಯಿತು. ಪತ್ರವಿಲ್ಲದೆ ಏನೆಂದು ಬರೆಯಲಿ? ‘ಇಲ್ಲ’ ಎಂದು ಬರೆದೆ.

ಸಂದರ್ಶನದ ದಿನ ಎದುರಿಗೆ ಇಬ್ಬರಿದ್ದರು. ಒಬ್ಬರು ಸಂಘದ ಲೆಕ್ಕಪತ್ರ ನೋಡುವವರು. ಇನ್ನೊಬ್ಬರು ಅಧ್ಯಕ್ಷೆ ನೀಲವ್ವ, ಅರವತ್ತು ದಾಟಿದ ನೇಕಾರ ಹೆಂಗಸು. ಲೆಕ್ಕ ನೋಡುವ ಆ ಮನುಷ್ಯ ನನ್ನ ಅರ್ಜಿಯನ್ನು ತಿರುವಿ ಹಾಕಿದರು.

"ಡಿಗ್ರಿ ಆಗಿ ಇಷ್ಟ ವರ್ಷ ಆತು, ಅನುಭವ ಇಲ್ಲ ಅಂತೀರಿ. ಮನ್ಯಾಗ ಖಾಲಿ ಕುಂತೀರೇನು?"

ಈ ಮಾತನ್ನು ನನ್ನ ಬಗ್ಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೆ. ಆದರೆ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನನಗೆ ಏನಾಯಿತೋ ತಿಳಿಯದು, ಮೈಯೆಲ್ಲ ಉರಿಯಿತು.

"ಖಾಲಿ ಅಂದ್ರ ಏನ್ರಿ ಸರ? ಮುಂಜಾನೆ ಕುಂತ್ರ ಸಂಜೀತನಾ ಬೆನ್ನ ನೆಟ್ಟಗ ಆಗೂದಿಲ್ಲ. ಸಾವಿರಾರು ಎಳಿ ಒಂದೊಂದ ಹುಡುಕಿ ಕೆಚ್ಚಬೇಕು. ಎರಡ ಎಳಿ ಅದಲಬದಲ ಆದ್ರ ಸೀರಿ ತುಂಬ ಗೆರಿ ಬೀಳತೈತಿ. ಆವಾಗ ಬೈಸಿಕೊಳ್ಳಾವ್ರು ಯಾರು? ನಾವು. ಇದು ಖಾಲಿ ಕುಂದ್ರೂದ ಏನ್ರಿ? ನೀವ ಬಂದ ಒಂದ ತಾಸ ಕುಂತ ನೋಡ್ರಿ!"

ಹೇಳಿದ್ದಾಯಿತು, ನೌಕರಿಯೂ ಹೋಯಿತು ಎಂದುಕೊಂಡು ಚೀಲ ಎತ್ತಿಕೊಂಡೆ.

"ಕುಂದರವಾ," ಎಂದರು ನೀಲವ್ವ. "ಎಷ್ಟ ವರ್ಷದಾಕಿ ಇದ್ದಾಗಿಂದ ಕೆಚ್ಚತಿ?"

"ಹನ್ನೆರಡ ವರ್ಷದಾಕಿ ಇದ್ದಾಗಿಂದರಿ."

"ಹಂಗಾರ ಇಪ್ಪತ್ತೆರಡ ವರ್ಷ ಆತು. ಇದರಾಗ ‘ಇಲ್ಲ’ ಅಂತ ಬರದಾವ್ರು ಯಾರು?"

"ನಾನ ರೀ."

"ಯಾಕ?"

"ಅದೇನ ಕೆಲಸೇನ್ರಿ... ಮನ್ಯಾಗಿನ ಹೆಂಗಸರು ಮಾಡೂದು."

ಈ ಸಲ ಸಿಟ್ಟಿಗೆದ್ದವರು ಅವರು. "ಖಾಲಿ ಅದೇನಿ ಅಂತ ನೀನ ಬರದ ಕೊಟ್ಟಿ, ಅವರು ಓದ್ಯಾರ. ಅವರ ಮ್ಯಾಲ ಯಾಕ ಒದರಾಡತಿ?"

ನಾಲ್ಕು ವರ್ಷವನ್ನು ಕಾರ್ಖಾನೆಯವರು ನುಂಗಿದರೆಂದು ಊರೆಲ್ಲ ಬೈದುಕೊಂಡು ತಿರುಗಿದವಳು, ಇಪ್ಪತ್ತೆರಡು ವರ್ಷವನ್ನು ನಾನೇ ನನ್ನ ಕೈಯಾರೆ ಅಳಿಸಿ ಹಾಕಿದ್ದೆ. ನೀಲವ್ವ ಹಾಸಿನ ಬಗ್ಗೆ, ಬಿಗುವಿನ ಬಗ್ಗೆ, ಗೆರೆ ಬಿದ್ದ ಸೀರೆಯ ದೋಷ ಎಲ್ಲಿ ಹುಡುಕಬೇಕೆಂಬುದರ ಬಗ್ಗೆ ಅರ್ಧ ತಾಸು ಕೇಳಿದರು. ಎಲ್ಲಕ್ಕೂ ಉತ್ತರ ಹೇಳಿದೆ. ಕೊನೆಗೆ ಪೆನ್ನು ಕೊಟ್ಟು, "ತಿದ್ದು," ಎಂದರು. ‘ಇಲ್ಲ’ ಎಂಬುದನ್ನು ಹೊಡೆದು ಹಾಕಿ ‘ಇಪ್ಪತ್ತೆರಡು ವರ್ಷ’ ಎಂದು ಬರೆದೆ.

ವಾರದೊಳಗೆ ಫೋನ್ ಬಂತು, ಕೆಲಸ ಆಯಿತು. ತಾಯಿಯನ್ನು ನೀರಿನಿಂದ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೂವು ಏರಿಸಿ ಕ್ಷಮೆ ಕೇಳಿದೆ. "ತಡಾ ಮಾಡಿದಿ ಬೇ," ಎಂದೂ ಹೇಳಿದೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಸಂದರ್ಶನದಲ್ಲಿ ಅಂದು ನಾನು ಕೈಮುಗಿದು ತಲೆತಗ್ಗಿಸಿ ಕೂತಿದ್ದರೆ "ಹೌದ್ರಿ, ಖಾಲಿ ಅದೇನ್ರಿ" ಎಂದು ಹೇಳಿ ಎದ್ದು ಬರುತ್ತಿದ್ದೆ. ಆ ಹೊತ್ತಿಗೆ ಬಾಯಿಗೆ ಆ ಮಾತು ಬಂದದ್ದು ತಾಯಿಯಿಂದಲೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಂಬದವರು ಅವರ ಪಾಡಿಗೆ ಇರಲಿ.

ಈ ವರ್ಷ ನನಗೆ ಬಡ್ತಿಯಾಗಿದೆ. ಜಮಖಂಡಿ, ಬನಹಟ್ಟಿ, ಚಿಮ್ಮಡ ಮೂರೂ ಕಡೆಯ ಕೇಂದ್ರಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಹೊಸ ಸದಸ್ಯರ ಅರ್ಜಿಗಳನ್ನೂ ನಾನೇ ತುಂಬುತ್ತೇನೆ. ಏನು ಕೆಲಸ ಮಾಡುತ್ತೀರಿ ಎಂದರೆ ಹತ್ತರಲ್ಲಿ ಒಂಬತ್ತು ಹೆಂಗಸರು "ಏನಿಲ್ರಿ, ಮನ್ಯಾಗ ಇರತೇನ್ರಿ" ಎನ್ನುತ್ತಾರೆ. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ.

ಹೋದ ತಿಂಗಳು ಬನಹಟ್ಟಿಯಲ್ಲಿ ಸಾಲಿನಲ್ಲಿ ಅವ್ವನೂ ನಿಂತಿದ್ದಳು. ಅವಳ ಸರದಿ ಬಂದಾಗ ಎಲ್ಲರಿಗೂ ಕೇಳುವಂತೆಯೇ ಕೇಳಿದೆ. ಅವಳೂ "ಏನಿಲ್ಲ" ಎಂದಳು. ನಾನು ಬರೆದು, ಗಟ್ಟಿಯಾಗಿ ಓದಿದೆ: "ಉದ್ಯೋಗ, ನೇಕಾರಿಕೆ. ಅನುಭವ, ನಲವತ್ತೈದು ವರ್ಷ."

ಅವ್ವ ಅಳುತ್ತಾಳೆ ಎಂದುಕೊಂಡೆ. ಜನ್ಮದಲ್ಲಿ ಯಾರಿಗೂ ಎದುರು ಮಾತಾಡದ ನನ್ನ ಅವ್ವ ಮೇಜಿನ ಮೇಲೆ ಅಂಗೈ ಬಡಿದಳು.

"ನಲವತ್ತೈದು ವರ್ಷ! ನಿಮ್ಮಪ್ಪ ಮಂದಿ ಮುಂದ ‘ನಮ್ಮಾಕಿ ಏನೂ ಮಾಡೂದಿಲ್ಲ’ ಅಂತಿದ್ದ. ನಾನೂ ಬಾಜೂಕ ನಿಂತು ಹೂಂ ಅಂತಿದ್ನಿ. ಯಾಕ ಅಂದ್ನಿ ಬೇ ನಾ ಹಂಗ? ಯಾಕ ಅಂದ್ನಿ?"

ಅವ್ವ ಪೆನ್ನು ಕಸಿದುಕೊಂಡು ಕಾಗದ ಹರಿಯುವ ಹಾಗೆ ಸಹಿ ಮಾಡಿದಳು.

ತಾಯಿ ಬನಶಂಕರಿ, ನನಗೆ ನೌಕರಿ ಕೊಟ್ಟದ್ದಕ್ಕೆ ಎರಡೂ ಕೈಯೆತ್ತಿ ಮುಗಿಯುತ್ತೇನೆ. ಅವ್ವನಿಗೆ ಆ ಸಿಟ್ಟು ಕೊಟ್ಟೆಯಲ್ಲ, ಅದಕ್ಕೆ ಬರುವ ಬನದ ಹುಣ್ಣಿಮೆಗೆ ನಿನ್ನ ಗುಡಿಗೆ ಬಂದು ಅಡಿಗಡಿಗೂ ನೆಲಕ್ಕೆ ಮೈಚಾಚಿ ದೀಡ ನಮಸ್ಕಾರ ಹಾಕುತ್ತೇನೆ.