ಮೂರನೇ ಮನೆಗೆ ಐದು ದಿನದ ದಾರಿ

ನಮ್ಮ ಮನೆಯಲ್ಲಿ ಈಗ ಎರಡು ಡಬ್ಬಿ ಜೋಳದ ಹಿಟ್ಟು, ಒಂದು ಡಬ್ಬಿ ಗೋಧಿ ಹಿಟ್ಟು, ಒಂದು ಡಬ್ಬಿ ರಾಗಿ ಹಿಟ್ಟು ಇದೆ. ತಿನ್ನುವವರು ಇಬ್ಬರೇ, ನಾನು ಮತ್ತು ನನ್ನ ಯಜಮಾನರು. ಅವರಿಗೆ ಶುಗರ್, ಅಳತೆ ಮಾಡಿ ಊಟ. ನನಗೆ ರೊಟ್ಟಿ ಬಡಿಯುವುದೆಂದರೆ ಬೇಸರ. ಹಾಗಾದರೆ ಇಷ್ಟೊಂದು ಹಿಟ್ಟು ಯಾಕೆ?

ಹೇಳುತ್ತೇನೆ. ಹೇಳಿದರೆ ನನ್ನ ಮಾನವೇ ಸ್ವಲ್ಪ ಕಮ್ಮಿಯಾಗುತ್ತದೆ. ಆದರೆ ವಾರವಾರ ಇಲ್ಲಿ ಕೂತು ಬೇರೆಯವರ ತಪ್ಪುಗಳನ್ನೇ ಬರೆದರೆ ನೀವಾದರೂ ಎಷ್ಟು ಸಹಿಸುತ್ತೀರಿ?

ಗಿರಿಜಮ್ಮ ದಾವಣಗೆರೆಯ ನಮ್ಮ ನಿಟ್ಟುವಳ್ಳಿ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ನಮ್ಮಿಂದ ಮೂರನೇ ಮನೆ. ಹದಿನೈದು ವರ್ಷದ ಒಡನಾಟ. (ಹೆಸರುಗಳನ್ನು ಬದಲಿಸಿದ್ದೇನೆ. ಪತ್ರಿಕೆಗೆ ಕಳಿಸುವ ಮುಂಚೆ ಇದನ್ನು ಅವರಿಗೆ ಪೂರ್ತಿ ಓದಿ ಹೇಳಿದ್ದೇನೆ. ಎರಡು ಸಾಲು ಹೊಡೆದು ಹಾಕಿ ಅಂದರು, ಹಾಕಿದೆ. ಗಿರಣಿ ಅಂತ ಬರೆಯಲಾ ಬೇಡವಾ ಎಂದಾಗ, ‘ಬರೀರಿ, ಊರಿಗೆಲ್ಲ ಗೊತ್ತಾಗೇತಲ್ಲ, ಇನ್ನೇನು’ ಅಂದರು.)

ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಹಾಗಾಗಿ ನನಗೊಂದು ಪದವಿ ತಾನಾಗಿ ಬಂದಿದೆ, ‘ಪ್ರಾರ್ಥನೆ ಮಾಡೋ ಟೀಚರ್’ ಅಂತ. ಮಗುವಿಗೆ ಜ್ವರ ಬಂದರೆ, ಅಳಿಯನಿಗೆ ಕೆಲಸ ಸಿಗದಿದ್ದರೆ, ಒಮ್ಮೆಯಂತೂ ಗ್ಯಾಸ್ ಸಿಲಿಂಡರ್ ಬರುವುದು ತಡವಾದಾಗಲೂ ಪ್ರಾರ್ಥನೆ ಮಾಡ್ರಿ ಅಂತ ಬಂದಿದ್ದಾರೆ. ನನಗೂ ಆ ಪದವಿ ಇಷ್ಟವೇ. ಇಷ್ಟವಿಲ್ಲ ಎಂದರೆ ಸುಳ್ಳಾಗುತ್ತದೆ.

ಹೋದ ತಿಂಗಳು ಒಂದು ಗುರುವಾರ ಗಿರಿಜಮ್ಮ ನಮ್ಮ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು.

“ಟೀಚರ್, ನನಗೊಂದು ಗಂಟು ಆಗೇತೆ. ಸೋಮವಾರ ಚೂರು ತೆಗೆದು ಟೆಸ್ಟಿಗೆ ಕಳಸ್ತಾರಂತೆ. ನಮ್ಮನೆಯವ್ರಿಗೆ ಗೊತ್ತು. ದವಾಖಾನಿಗೆ ನನ್ನ ಜೊತಿ ಬಂದಿದ್ಲಲ್ಲ, ಹರಿಹರದ ನನ್ನ ತಮ್ಮನ ಹೆಂಡ್ತಿ ನಾಗವೇಣಿ, ಆಕಿಗೆ ಗೊತ್ತು. ಈಗ ನಿಮಗ. ಮಗಳಿಗೆ ಹೇಳಿಲ್ಲ, ಪರೀಕ್ಷೆ ನಡದೈತೆ. ಸಾರಥಿ ಊರಾಗಿರೋ ನಮ್ಮತ್ತೆಗೂ ಹೇಳಿಲ್ಲ, ಬಿಪಿ ಐತೆ. ಯಾರಿಗೂ ಹೇಳಬ್ಯಾಡ್ರಿ. ಪ್ರಾರ್ಥನೆ ಮಾಡ್ರಿ.”

ಎರಡು ಮಾತು ಕೇಳಿಕೊಂಡಿದ್ದರು. ಎರಡನೆಯದನ್ನು ನಡೆಸುವ ಭರದಲ್ಲಿ ನಾನು ಮೊದಲನೆಯದನ್ನು ಮುರಿದೆ.

ನಮ್ಮ ಚರ್ಚ್ ಸಭೆಯ ಹೆಂಗಸರದೊಂದು ವಾಟ್ಸಾಪ್ ಗ್ರೂಪ್ ಇದೆ. ದಾವಣಗೆರೆ, ಹರಿಹರ ಎರಡೂ ಕಡೆಯವರಿದ್ದಾರೆ. ಶುಕ್ರವಾರ ಉಪವಾಸ ಪ್ರಾರ್ಥನೆ. ಯಾರಿಗಾಗಿ ಪ್ರಾರ್ಥಿಸಬೇಕು ಅನ್ನುವುದನ್ನು ಬೆಳಗ್ಗೆಯೇ ಗ್ರೂಪಿಗೆ ಹಾಕಬೇಕು. ಅದಕ್ಕೆ ‘ಪ್ರಾರ್ಥನಾ ವಿಜ್ಞಾಪನೆ’ ಎನ್ನುತ್ತೇವೆ. ಹೊರಗಿನವರ ಹೆಸರು ಬರೆಯಬಾರದು ಎನ್ನುವುದು ನಮ್ಮ ನಿಯಮ. ಬಹಳ ಒಳ್ಳೆಯ ನಿಯಮ. ನಾನು ಅದನ್ನು ತಪ್ಪದೆ ಪಾಲಿಸಿದೆ. ಹೀಗೆ ಬರೆದೆ:

‘ನಿಟ್ಟುವಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಒಬ್ಬ ಸಹೋದರಿ. ತವರು ಹರಿಹರ, ಗಂಡನ ಊರು ಸಾರಥಿ. ದೊಡ್ಡ ಕಾಯಿಲೆಯ ಅನುಮಾನವಿದೆ. ಅತ್ತೆಗೂ ಮಗಳಿಗೂ ತಿಳಿಸಿಲ್ಲ. ದಯವಿಟ್ಟು ಭಾರದಿಂದ ಪ್ರಾರ್ಥಿಸಿರಿ. ಹೆಸರು ಬೇಡ.’

ಪಿನ್‌ಕೋಡ್ ಒಂದನ್ನು ಬಿಟ್ಟಿದ್ದೆ.

ಇಪ್ಪತ್ತೆರಡು ಜನ ‘ಆಮೆನ್’ ಹಾಕಿದರು. ಇಬ್ಬರು ಬೇರೆಯಾಗಿ ಮೆಸೇಜ್ ಮಾಡಿ ‘ಯಾರಕ್ಕ ಅದು?’ ಎಂದು ಕೇಳಿದರು. ನಾನು ಹೇಳಲಿಲ್ಲ. ಎಷ್ಟು ಗುಟ್ಟು ಕಾಪಾಡುವವಳು ನೋಡಿ ನಾನು.

ಭಾನುವಾರ ಆರಾಧನೆ ಮುಗಿಸಿಕೊಂಡು ಬರುವಾಗ ಗಿರಣಿ ಮೆಟ್ಟಿಲ ಮೇಲೆ ಗಿರಿಜಮ್ಮನ ಅತ್ತೆ ಕೂತಿದ್ದರು. ಸಾರಥಿಯಿಂದ ಇಬ್ಬರು ಹೆಂಗಸರನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. ಮೂವರೂ ಅಳುತ್ತಿದ್ದರು. ಪುಸ್ತಕ ಹಿಡಿದು ಒಳಗಿನಿಂದ ಬಂದ ಮೊಮ್ಮಗಳನ್ನು ಅಜ್ಜಿ ತಬ್ಬಿಕೊಂಡು, ‘ನಿಮ್ಮವ್ವಗ ಹಿಂಗ ಆಗಬಾರದಿತ್ತವ್ವ’ ಎಂದಾಗಲೇ ಆ ಹುಡುಗಿಗೆ ವಿಷಯ ಗೊತ್ತಾಗಿದ್ದು. ಆಮೇಲೆ ವಿಚಾರಿಸಿದೆ. ಗ್ರೂಪಿನಲ್ಲಿರುವ ಹರಿಹರದ ಒಬ್ಬರು ಪಕ್ಕದ ಮನೆಯವರಿಗೆ ಹೇಳಿದ್ದರು. ಪಕ್ಕದ ಮನೆಯವರ ತಂಗಿಯನ್ನು ಕೊಟ್ಟಿದ್ದು ಸಾರಥಿಗೆ. ಅಷ್ಟೇ ಸಾಕಾಯಿತು.

ಸಂಜೆ ಗಿರಿಜಮ್ಮ ನಮ್ಮ ಮನೆಗೆ ಬಂದರು.

“ಮಗಳು ನನ್ನ ಕೂಡ ಮಾತಾಡ್ತಿಲ್ಲ ಟೀಚರ್. ಊರಿಗೆಲ್ಲ ಗೊತ್ತು, ನನಗೊಬ್ಬಾಕಿಗೆ ಗೊತ್ತಿಲ್ಲ ಅಂತಾಳೆ. ಎಲ್ಲಾ ಆ ನಾಗವೇಣಿ ಕೆಲಸ. ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದೆ. ಈ ಪಂಚಮಿಗೆ ನಿಮ್ಮನಿ ಹೊಸ್ತಿಲು ತುಳಿಯಲ್ಲ ಅಂದೆ. ನಿಮಗ ಹೇಳಿದ್ದು ನಿಮ್ಮ ಹತ್ರನ ಐತೆ, ಅದು ನನಗ ಗೊತ್ತೈತೆ.”

ಆಗಲೇ ಹೇಳಬೇಕಿತ್ತು. ಬಾಯಿಯ ತನಕ ಬಂದಿತ್ತು ಕೂಡ. ಆದರೆ ನನ್ನ ಬಾಯಿಂದ ಬಂದದ್ದು ‘ಹೋಗ್ಲಿ ಬಿಡ್ರಿ’ ಎನ್ನುವ ಎರಡು ಮಾತು.

ನೋಡಿ, ನಾನು ಸುಳ್ಳು ಹೇಳಲಿಲ್ಲ. ಒಂದು ಅಕ್ಷರ ಸುಳ್ಳಾಡಲಿಲ್ಲ. ಇನ್ನೊಬ್ಬಳ ತಲೆಯ ಮೇಲೆ ನನ್ನ ತಪ್ಪು ಹೋಗಿ ಕೂತಾಗ ಸುಮ್ಮನೆ ನೋಡಿದೆ, ಅಷ್ಟೇ. ಗಿರಿಜಮ್ಮನಿಗೆ ಅಪ್ಪ ಅವ್ವ ಇಲ್ಲ. ತವರು ಎಂದರೆ ಆ ತಮ್ಮ, ಆ ನಾಗವೇಣಿ. ನಾಗರ ಪಂಚಮಿಗೆ ತಮ್ಮ ಕರೆಯಲು ಬರದಿದ್ದರೆ, ಬಂದರೂ ಅಕ್ಕ ಹೋಗದಿದ್ದರೆ, ನಮ್ಮ ಕಡೆ ಅದು ಒಂದು ಹಬ್ಬಕ್ಕೆ ಮುಗಿಯುವ ಮಾತಲ್ಲ. ಹತ್ತು ವರ್ಷ ಮಾತು ಬಿಟ್ಟ ಅಕ್ಕ ತಮ್ಮಂದಿರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಸೋಮವಾರ ಟೆಸ್ಟಿಗೆ ಜೊತೆಯಲ್ಲಿ ಯಾರು ಹೋಗಬೇಕು? ನಾಗವೇಣಿ ಬರಬೇಕಿತ್ತು. ಅವಳ ಕೂಡ ಜಗಳವಾಗಿತ್ತಲ್ಲ, ನನ್ನನ್ನು ಕರೆದರು. ಆಸ್ಪತ್ರೆಯ ಬೆಂಚಿನ ಮೇಲೆ ಗಿರಿಜಮ್ಮನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹೊರಗೆ ಬಂದವರು ನನ್ನ ಕೈ ಹಿಡಿದು ‘ನೀವಿದ್ರಿ, ಧೈರ್ಯ ಬಂತು’ ಎಂದರು. ಆ ಬೆಂಚು ನಾಗವೇಣಿಯದು. ನನಗೆ ಎದ್ದು ಎಲ್ಲಾದರೂ ಓಡಿ ಹೋಗಬೇಕು ಅನ್ನಿಸಿತು.

ಮಂಗಳವಾರ ಹೇಳಿಯೇ ಬಿಡೋಣ ಎಂದು ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋದೆ. (ಬರಿಗೈಯಲ್ಲಿ ಹೋದರೆ ಏನೋ ಇದೆ ಅಂತ ಗೊತ್ತಾಗುತ್ತದಲ್ಲ.) ನಾಲ್ಕು ಜನ ಕಾಯುತ್ತಿದ್ದರು, ಮಿಷನ್ ಗದ್ದಲ ಬೇರೆ. ಇಂಥ ವಿಷಯವನ್ನು ಕೂಗಿ ಹೇಳಲಿಕ್ಕಾಗುತ್ತದೆಯೇ? ಹಿಟ್ಟು ಬೀಸಿಸಿಕೊಂಡು ಬಂದೆ. ಬುಧವಾರ ಬೆಳಗ್ಗೆ ಗೋಧಿ, ಸಂಜೆ ರಾಗಿ. ಗುರುವಾರ ಮತ್ತೆ ಜೋಳ. ಗುರುವಾರ ನಾನು ಹೋದಾಗ ಗಿರಣಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ, ಮಿಷನ್ನೂ ನಿಂತಿತ್ತು. ಆದರೂ ಹೇಳದೆ ಬಂದೆ ಎಂದಮೇಲೆ ತಪ್ಪು ಮಿಷನ್ನಿನದಲ್ಲ ಎಂದು ನನಗೂ ಗೊತ್ತಾಯಿತು.

ಮನೆಯಲ್ಲಿ ಮಾತ್ರ ಪ್ರಾರ್ಥನೆ ಜೋರಾಗಿ ನಡೆದಿತ್ತು. ಕರ್ತನೇ ಧೈರ್ಯ ಕೊಡು, ಕರ್ತನೇ ತಕ್ಕ ಸಮಯ ತೋರಿಸು. ನನಗೆ ಒಳ್ಳೊಳ್ಳೆಯ ಕಾರಣಗಳೂ ಹೊಳೆದವು. ರಿಪೋರ್ಟ್ ಬರುವ ತನಕ ಅವರ ಮನಸ್ಸು ಕೆಡಿಸಬಾರದು. ಬೀದಿಗೊಂದೇ ಕ್ರೈಸ್ತರ ಮನೆ, ಇದು ಗೊತ್ತಾದರೆ ‘ಚರ್ಚಿಗೆ ಹೋಗೋರು ಹಿಂಗ ನೋಡು’ ಎನ್ನುತ್ತಾರೆ, ಯೇಸುವಿನ ಹೆಸರಿಗೆ ಕೆಟ್ಟದ್ದು. ಯೇಸುವಿನ ಹೆಸರು ಉಳಿಸಲಿಕ್ಕೆ ನಾಗವೇಣಿಯ ಹೆಸರು ಕೆಡಬೇಕೇ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ನನ್ನ ಯಜಮಾನರು ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಗುರುವಾರ ಊಟಕ್ಕೆ ಕೂತಾಗ ಡಬ್ಬಿಗಳ ಸಾಲನ್ನು ನೋಡಿ ‘ಏನಿದು, ಅಂಗಡಿ ಇಡ್ತೀಯೇನು?’ ಎಂದರು. ಎಲ್ಲ ಹೇಳಿದೆ. ಧೈರ್ಯಕ್ಕಾಗಿ ಪ್ರಾರ್ಥನೆ ಮಾಡುತ್ತಿದ್ದೇನೆ ಎಂದೂ ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಹೇಳಿದರು:

“ಮೂರನೇ ಮನಿಗೆ ಹೋಗಾಕೆ ಎಷ್ಟು ಧೈರ್ಯ ಬೇಕು? ದೇವರು ಆಗಲೇ ಕೊಟ್ಟಾನೆ. ನೀನು ಇನ್ನೂ ಕೇಳ್ತಾ ಕುಂತೀಯ, ಕೇಳಾದು ಬಿಟ್ರೆ ಹೋಗಬೇಕಾಗುತ್ತಲ್ಲ ಅಂತ.”

ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವಂಥ ಸಿಟ್ಟು.

ಇಪ್ಪತ್ತು ವರ್ಷ ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ‘ದೇವರ ಮೇಲೆ ಭರವಸೆ ಇಡಿ’ ಎಂದು ಕಲಿಸಿದವಳು ನಾನು. ಭರವಸೆ ಎಂದರೆ ಏನಂತ ತಿಳಿದುಕೊಂಡಿದ್ದೆ? ಕಾಯಿಲೆ ವಾಸಿಯಾಗುತ್ತದೆ, ಪರೀಕ್ಷೆ ಪಾಸಾಗುತ್ತದೆ, ಕೆಲಸ ಸಿಗುತ್ತದೆ. ನಿಜ ಹೇಳಿದರೆ ಹದಿನೈದು ವರ್ಷದ ಸ್ನೇಹ ಹೋಗಬಹುದು, ಹೋದರೆ ಹೋಗಲಿ, ಮುಂದಿನದು ಅವನ ಕೈಯಲ್ಲಿ ಎಂದು ನಂಬುವುದು ಕೂಡ ಭರವಸೆಯೇ ಎಂದು ಯಾವ ಮಗುವಿಗೂ ಹೇಳಿಕೊಟ್ಟ ನೆನಪಿಲ್ಲ. ನನಗೇ ಗೊತ್ತಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಂಡು ಬಿಡುತ್ತೇನೆ. ಆ ಮೆಸೇಜನ್ನು ಯಾಕೆ ಹಾಕಿದೆ? ನಾನೊಬ್ಬಳೇ ಬೇಡಿದರೆ ದೇವರಿಗೆ ಕೇಳಿಸುವುದಿಲ್ಲವೇ? ಕೇಳಿಸುತ್ತದೆ. ದೊಡ್ಡದೊಂದು ವಿಷಯ, ಮನೆಯವರನ್ನು ಬಿಟ್ಟರೆ ಮೊದಲು ಗೊತ್ತಾಗಿದ್ದು ನನಗೆ, ಅದರ ರುಚಿ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಬರೀ ಸುದ್ದಿಯಾಗಿ ಹೇಳಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ವಿಜ್ಞಾಪನೆ ಎಂದೆ, ಭಕ್ತಿಯಾಯಿತು.

ಶುಕ್ರವಾರ ಮಧ್ಯಾಹ್ನ ಹೋದೆ. ಗಿರಿಜಮ್ಮ ಮಿಷನ್ನಿಗೆ ಅಂಟಿದ ಹಿಟ್ಟನ್ನು ಪೊರಕೆಯಿಂದ ಗುಡಿಸುತ್ತಿದ್ದರು.

“ಇವತ್ತು ಡಬ್ಬಿ ಇಲ್ದನ ಬಂದೀರಿ?”

“ಗಿರಿಜಮ್ಮ, ನಾಗವೇಣಿ ಯಾರಿಗೂ ಹೇಳಿಲ್ರಿ. ಹೇಳಿದಾಕಿ ನಾನು.”

ಫೋನ್ ತೆಗೆದು ಮೆಸೇಜ್ ತೋರಿಸಿದೆ. ನಿಧಾನವಾಗಿ ಓದಿದರು. ಮತ್ತೊಮ್ಮೆ ಓದಿದರು.

“ಹೆಸರು ಬೇಡ ಅಂತ ಬರದೀರಿ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಬಹಳ ಹೊತ್ತು ಗುಡಿಸಿದ ಜಾಗವನ್ನೇ ಗುಡಿಸಿದರು. ನಾನು ತಪ್ಪಾಯ್ತು ರೀ ಎಂದೆ. ಕೊನೆಗೆ ಪೊರಕೆ ಇಟ್ಟು, “ನನಗ ಹೇಳಿದ್ರಿ. ಆಕಿಗೆ ಯಾರು ಹೇಳಬೇಕು?” ಎಂದು ಕೇಳಿ ಶಟರ್ ಎಳೆದರು. ಇಬ್ಬರೂ ಹರಿಹರದ ಬಸ್ಸು ಹತ್ತಿದೆವು. ಒಂದೇ ಸೀಟಿನಲ್ಲಿ ಕೂತೆವು.

ನಾಗವೇಣಿಗೆ ಇನ್ನೂ ಮೂವತ್ತು ದಾಟಿಲ್ಲ. ಮನೆಯಲ್ಲೇ ಸೀರೆಗೆ ಫಾಲ್ ಹಚ್ಚುವ ಕೆಲಸ ಮಾಡುತ್ತಾಳೆ. ನಮ್ಮನ್ನು ನೋಡಿ ಎದ್ದು ನಿಂತು ‘ಬರ್ರಿ, ಕೂಡ್ರಿ’ ಅಂದಳು. ಕೂರದೆಯೇ ಹೇಳಿಬಿಟ್ಟೆ. ಅವಳು ಕೈಯಲ್ಲಿದ್ದ ಸೂಜಿಯನ್ನು ಸೀರೆಗೆ ಚುಚ್ಚಿಟ್ಟಳು. ನನ್ನ ಕಡೆ ನೋಡಲಿಲ್ಲ, ಗಿರಿಜಮ್ಮನ ಕಡೆ ತಿರುಗಿದಳು.

“ಅಕ್ಕಾರ, ನೀವು ಅಷ್ಟು ಖಾತ್ರಿಯಾಗಿ ಬೈದ್ರಲ್ಲ, ನಾನ ಎಲ್ಲೋ ಬಾಯಿ ಬಿಟ್ಟೀನೇನೋ ಅಂತ ಐದು ದಿನದಿಂದ ನೆನಪು ಮಾಡ್ಕೊಂತ ಕುಂತೀನಿ. ನಲ್ಲಿ ಹತ್ರ ಹೇಳಿದ್ನೇನೋ, ಅಂಗಡ್ಯಾಗ ಹೇಳಿದ್ನೇನೋ. ನನ್ನ ಮ್ಯಾಲೆ ನನಗ ನಂಬಿಕಿ ಹೋಗಿತ್ತು.”

ಗಿರಿಜಮ್ಮ ಅವಳನ್ನು ಹಿಡಿದುಕೊಂಡು ಅತ್ತರು. ನಾನು ಗೋಡೆ ನೋಡುತ್ತಾ ನಿಂತೆ. ನನಗೂ ಅಳು ಬಂತು, ಆದರೆ ಅಲ್ಲಿ ಅಳುವ ಹಕ್ಕು ನನಗಿರಲಿಲ್ಲ. ನಾಗವೇಣಿ ಟೀ ಮಾಡಿದಳು. ಗಿರಿಜಮ್ಮನಿಗೆ ಕೈಗೆ ಕೊಟ್ಟಳು. ನನ್ನದನ್ನು ಟೀಪಾಯಿ ಮೇಲಿಟ್ಟಳು. ಪಂಚಮಿಗೆ ಗಂಡನನ್ನು ಕರೆಯಲು ಕಳಿಸುತ್ತೇನೆ ಎಂದು ನಾದಿನಿಗೆ ಹೇಳಿದಳು. ನನಗೆ ಹೋಗಿ ಬರ್ರಿ ಎಂದಳು, ಅಷ್ಟೇ. ಕ್ಷಮಿಸಿದಳೇ? ಗೊತ್ತಿಲ್ಲ. ಕ್ಷಮೆ ಕೇಳುವುದಷ್ಟೇ ನನ್ನ ಪಾಲಿನ ಕೆಲಸ, ಸಿಕ್ಕೇ ತೀರಬೇಕು ಎಂದು ಹಟ ಹಿಡಿಯಲು ನಾನ್ಯಾರು?

ರಾತ್ರಿಯಾಗುವ ಮುಂಚೆ ಗ್ರೂಪಿಗೂ ಬರೆದೆ. ನಂಬಿ ಹೇಳಿದ ಮಾತನ್ನು ನಾನು ಹೊರಗೆ ಹಾಕಿದೆ, ಅದರಿಂದ ಒಂದು ಮನೆಗೆ ನೋವಾಯಿತು, ತಪ್ಪು ನನ್ನದು ಎಂದು. ವಿಜ್ಞಾಪನೆಗೆ ಇಪ್ಪತ್ತೆರಡು ಆಮೆನ್ ಬಂದಿದ್ದವು. ಇದಕ್ಕೆ ಮೂರು.

ವಾಪಸು ಬರುವ ಬಸ್ಸಿನಲ್ಲಿ ಏನಾಯಿತು ಎನ್ನುವುದನ್ನು ಹೇಳದೆ ಬಿಟ್ಟಿದ್ದೆ. ದಾವಣಗೆರೆ ಹತ್ತಿರ ಬಂದಾಗ ಗಿರಿಜಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದರು.

“ಇನ್ನ ನಿಮಗ ಏನೂ ಹೇಳಬಾರ್ದು ಅಂತ ಮಾಡಿದ್ದೆ. ಆದ್ರ ಬುಧವಾರ ರಿಪೋರ್ಟ್ ಬರ್ತೈತೆ, ಭಯ ಆಗತೈತೆ. ಪ್ರಾರ್ಥನೆ ಮಾಡ್ರಿ ಟೀಚರ್. ದೇವರೊಬ್ಬಗ ಹೇಳ್ರಿ, ಸಾಕು.”

ಮಾಡಿದೆ. ಬಾಗಿಲು ಹಾಕಿಕೊಂಡು, ಫೋನನ್ನು ಬೇರೆ ರೂಮಿನಲ್ಲಿಟ್ಟು.

ಬುಧವಾರ ರಿಪೋರ್ಟ್ ಬಂತು. ಗಿರಿಜಮ್ಮ ಮೊದಲು ಮಗಳಿಗೆ ಹೇಳಿದರು, ಆಮೇಲೆ ನಾಗವೇಣಿಗೆ, ಅದಾದ ಮೇಲೆ ನಮ್ಮ ಮನೆಗೆ ಬಂದು ನನಗೆ. ಅದರಲ್ಲಿ ಏನಿತ್ತು ಎಂದು ನಿಮಗೆ ಕೇಳಬೇಕು ಅನ್ನಿಸುತ್ತಿದೆ, ಅಲ್ಲವೇ?

ನನಗೂ ಹೇಳಬೇಕು ಅನ್ನಿಸುತ್ತಿದೆ, ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತಿದ್ದೇನೆ.